ಕೆಳಗಿನ ಎರಡು ಸಾಲು

ಭಾವ ಮತ್ತೆ ಗಾಜು ಒರೆಸಿದರು. ಒಂದು ಕೈ ಸ್ಟೇರಿಂಗಿನ ಮೇಲಿಟ್ಟು, ಇನ್ನೊಂದರಲ್ಲಿ ಹಳದಿ ಬಟ್ಟೆ ಹಿಡಿದು, ತಮ್ಮ ಮುಖದ ನೇರಕ್ಕೆ ಒಂದು ತಟ್ಟೆಯಷ್ಟು ಜಾಗವನ್ನು ಗುಂಡಗೆ ತಿಕ್ಕಿ, ಬಟ್ಟೆಯನ್ನು ತೊಡೆಯ ಮೇಲೆ ಹಾಕಿಕೊಂಡರು. ಗಾಜಿನ ಒಳಮೈಯಲ್ಲಿ ಮಂಜು ಕೂತಿರಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಅವನಿಗೆ ಅದು ಚೆನ್ನಾಗಿ ಕಾಣುತ್ತಿತ್ತು. ಬೆಳಿಗ್ಗೆ ಹೊರಟಾಗಿನಿಂದ ಇದು ಎಷ್ಟನೆಯ ಸಲವೆಂದು ಸ್ವಲ್ಪ ಹೊತ್ತು ಎಣಿಸಿ, ಎಣಿಸುವುದೂ ಬೆನ್ನ ಹಿಂದೆ ಚಾಡಿ ಹೇಳಿದ ಹಾಗೆ ಅನ್ನಿಸಿ ಬಿಟ್ಟುಬಿಟ್ಟಿದ್ದ. ಮಳೆ ನೆಟ್ಟಗೆ ಬೀಳದೆ ಸಮುದ್ರದ ಕಡೆಯಿಂದ ಅಡ್ಡಡ್ಡ ಬರುತ್ತಿತ್ತು. ಗಾಳಿ ಜೋರಾದಾಗ ವ್ಯಾನು ಒಂದು ಗೇಣು ಪಕ್ಕಕ್ಕೆ ಸರಿಯುತ್ತಿತ್ತು. ಭಾವ ಅದನ್ನು ಮತ್ತೆ ರಸ್ತೆಯ ಮಧ್ಯಕ್ಕೆ ತರುತ್ತಿದ್ದರು, ಸಾಲು ಬಿಟ್ಟು ಹೋದ ಮಗುವನ್ನು ತೋಳು ಹಿಡಿದು ತಂದು ನಿಲ್ಲಿಸಿದ ಹಾಗೆ. ಈ ಹಾಳು ಮಳೆ ಒಂದು ನಿಂತರೆ ಎಲ್ಲ ಕಾಣುತ್ತದೆ ಅಂದರು, ಯಾರಿಗೆ ಅಂದರೋ. ಹಿಂದಿನ ಸೀಟಿನಲ್ಲಿ ಟೆಂಟು, ಸ್ಟೌ, ಬನ್ನಿನ ಪೊಟ್ಟಣಗಳ ನಡುವೆ ಕಾಲು ಚಾಚಿಕೊಂಡಿದ್ದ ಅಕ್ಕ ಹೂಂಗುಟ್ಟಿದಳು. ನಿನ್ನೆ ಮನೆಯಿಂದ ಹೊರಟಾಗ ಮಳೆ ಇರಲಿಲ್ಲ. ಆಗಲೂ ಆ ಬಟ್ಟೆ ಅವರ ತೊಡೆಯ ಮೇಲೇ ಇತ್ತು.

ಈ ಪ್ರಯಾಣ ಭಾವನದೇ ಯೋಚನೆ. ಶಾಲೆಗೆ ನಾಲ್ಕು ದಿನ ರಜೆ ಬಂದಿತ್ತು. ಭಾವ ಅಲ್ಲಿ ಬಸ್ಸಿನ ಡ್ರೈವರು, ಅಕ್ಕ ಅದೇ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ. ಕಡಲ ದಂಡೆ ಹಿಡಿದು ಹೋಗುವುದು, ಕಂಡಲ್ಲಿ ಟೆಂಟು ಹೊಡೆಯುವುದು, ಭಾನುವಾರ ಸಂಜೆಗೆ ವಾಪಸು. ಬಿರುಗಾಳಿಯ ಸುದ್ದಿ ರೇಡಿಯೋದಲ್ಲಿ ಎರಡು ದಿನದಿಂದ ಬರುತ್ತಿತ್ತು, ಆದರೂ ಮಳೆಗೆ ಹೆದರುವವನು ಸ್ಟೇರಿಂಗು ಮುಟ್ಟಬಾರದು ಎಂದು ಭಾವ ನಕ್ಕುಬಿಟ್ಟಿದ್ದರು. ಅಂಗಡಿಗೆ ಬಂದು, ಅವನ ಬೆನ್ನ ಮೇಲೆ ಒಂದೇಟು ಹಾಕಿ, "ಡಾಕ್ಟ್ರೇ, ಈ ಸಲ ನೀವೂ ಬರಬೇಕು. ನಿಮ್ಮಿಂದ ತಾನೇ ಎರಡು ವರ್ಷ ಸಿಕ್ಕಿದ್ದು" ಅಂದಿದ್ದರು. ಅವನು ಡಾಕ್ಟರಲ್ಲ. ಕಣ್ಣಿನ ಪವರ್ ನೋಡಿ ಕನ್ನಡಕ ಮಾಡಿಕೊಡುವವನು. ಆ ಕರೆಯುವಿಕೆಗೆ ಅವನಿಗೆ ಇಪ್ಪತ್ತು ವರ್ಷದ ಅಭ್ಯಾಸ. ಚುಚ್ಚಿದ್ದು 'ನಿಮ್ಮಿಂದ' ಅನ್ನುವ ಮಾತು. ಅದನ್ನು ಹೇಳುವಾಗ ಭಾವ ಒಂದು ಕಣ್ಣು ಕಿರಿದು ಮಾಡಿದ್ದರೇ? ಮಾಡಿದ್ದರು. ಹೇಳಬಾರದ್ದನ್ನು ಹೇಳದೆ ಇದ್ದುದಕ್ಕೆ ಇದು ಬಹುಮಾನ ಎಂದು ಅವನು ಅವತ್ತೇ ತೀರ್ಮಾನಿಸಿದ್ದ. ಹಾಗೆ ತೀರ್ಮಾನಿಸಿದ ಮೇಲೆ ಬರುವುದಿಲ್ಲ ಅನ್ನುವುದು ಸಾಧ್ಯವಾಗಲಿಲ್ಲ.

ಅವನ ಅಂಗಡಿ ಹತ್ತಡಿ ಅಗಲ, ಹನ್ನೊಂದಡಿ ಉದ್ದ. ಕಣ್ಣು ಪರೀಕ್ಷೆಗೆ ಇಪ್ಪತ್ತಡಿ ದೂರ ಬೇಕು. ಅದಕ್ಕೇ ಅಂಕಿಗಳ ಫಲಕವನ್ನು ಕೂತವರ ತಲೆಯ ಹಿಂದೆ ತೂಗುಹಾಕಿ ಎದುರು ಗೋಡೆಗೆ ಕನ್ನಡಿ ಇಡುತ್ತಾರೆ. ಕನ್ನಡಿಯೊಳಗೆ ಕೋಣೆ ಎರಡರಷ್ಟಾಗುತ್ತದೆ. ಬಸ್ಸನ್ನು ಶಾಲೆಯಲ್ಲಿ ಬಿಟ್ಟು ಭಾವ ಸಂಜೆ ಬಂದು ಕೂರುತ್ತಿದ್ದುದು ಆ ಕುರ್ಚಿಯಲ್ಲೇ, ಹನ್ನೊಂದು ವರ್ಷದಿಂದ. ಗಿರಾಕಿ ಇಲ್ಲದಾಗ ಚಹಾ ಕುಡಿಯುತ್ತಾ ಕನ್ನಡಿಯೊಳಗಿನ ಅಂಕಿಗಳನ್ನು ಯಾವುದೋ ಹಾಡಿನ ಧಾಟಿಗೆ ಕೂಡಿಸಿ ಗುನುಗುತ್ತಿದ್ದರು. ಬಿಸಿಲು ತಿಂದು ಫಲಕ ಹಳದಿಯಾಗಿದೆ ಎಂದು ಅವನು ಅದನ್ನು ತೆಗೆದು ಹೊಸದು ಹಾಕಿದ್ದು ಹೋದ ತಿಂಗಳು. ಆ ವಾರ ಭಾವನಿಗೆ ಜ್ವರ, ಅಂಗಡಿಯ ಕಡೆ ಬಂದಿರಲಿಲ್ಲ. ಹೊಸದರ ಚೌಕಟ್ಟೂ ಕಪ್ಪೇ, ಮೇಲಿನ ದೊಡ್ಡ ಅಂಕಿಗಳೂ ಅವೇ. ಕೆಳಗಿನ ಎರಡು ಸಾಲು ಮಾತ್ರ ಬೇರೆ.

ಐವತ್ತೆಂಟು ದಾಟಿದ ಡ್ರೈವರುಗಳು ಎರಡು ವರ್ಷಕ್ಕೊಮ್ಮೆ ಕಣ್ಣಿನ ಪತ್ರ ಕೊಡಬೇಕು. ಪತ್ರಕ್ಕೆ ಸಹಿ ಹಾಕುವ ಅಧಿಕಾರ ಅವನ ಅಂಗಡಿಗಿತ್ತು. ದೀಪ ಆರಿಸಿ, ಬಲಗಣ್ಣು ಮುಚ್ಚಿ, ಓದಿ ಭಾವ ಅಂದಿದ್ದ. ದೊಡ್ಡ ಅಂಕಿಗಳನ್ನು ಭಾವ ತಡೆತಡೆದು, ಕತ್ತನ್ನು ಒಂದಿಷ್ಟು ವಾಲಿಸಿ, ಯಾರೋ ಪಿಸುಗುಟ್ಟಿದ್ದನ್ನು ಕೇಳಿಸಿಕೊಳ್ಳುವವರ ಹಾಗೆ ಓದಿದರು. ಸಣ್ಣವಕ್ಕೆ ಬಂದಾಗ ನೀರು ಕುಡಿದಷ್ಟು ಸಲೀಸು. ಏಳು, ಮೂರು, ಒಂಬತ್ತು, ಎರಡು, ಐದು. ಕನ್ನಡಿಯಲ್ಲಿದ್ದದ್ದು ನಾಲ್ಕು, ಎಂಟು, ಎರಡು, ಆರು, ಮೂರು. ಅದರ ಕೆಳಗಿನ ಸಾಲೂ ಹಾಗೆಯೇ, ಗೋಡೆಯ ಮೇಲೆ ಇಲ್ಲದ, ಅಂಗಡಿಯ ಅಟ್ಟದಲ್ಲಿ ಪೇಪರು ಸುತ್ತಿ ಇಟ್ಟಿದ್ದ ಸಾಲು. ಅನುಮಾನ ಬಂದರೆ ಬಲದಿಂದ ಎಡಕ್ಕೆ ಓದಿಸಬೇಕು. ಕಂಠಪಾಠ ಒಂದೇ ದಿಕ್ಕಿಗೆ ಓಡುತ್ತದೆ, ಹಿಂದಕ್ಕೆ ಓಡಿಸಿದರೆ ಮುಗ್ಗರಿಸುತ್ತದೆ ಎಂದು ಅವನಿಗೆ ಕೆಲಸ ಕಲಿಸಿದವರು ಮೊದಲ ದಿನವೇ ಹೇಳಿದ್ದರು. ಅಂಚೆಯವನಿಗೂ, ಔಷಧಿ ಅಂಗಡಿಯ ಅಜ್ಜಿಗೂ, ಎಲ್ಲರಿಗೂ ಅವನು ಬಲದಿಂದ ಓದಿ ಅನ್ನುತ್ತಾನೆ. ಅವತ್ತು ಮಾತ್ರ ಅನ್ನಲಿಲ್ಲ. ಟಾರ್ಚು ಹಾಕಿ ನೋಡಿದ. ಪೊರೆ ಇರಲಿಲ್ಲ. ಪೊರೆಯಾಗಿದ್ದರೆ ತೆಗೆಸಿದರೆ ಆಯಿತು. ಇದು ಹಿಂದುಗಡೆ, ತನ್ನ ಟಾರ್ಚು ಮುಟ್ಟದ ಕಡೆ ಏನೋ. ಆಸ್ಪತ್ರೆಗೆ ಬರೆದು ಕಳಿಸಬೇಕು, ಅದೂ ಬೇಗ. ಕತ್ತಲೆಯಲ್ಲಿ ಭಾವ ಹೇಗಿದೆ ಎಂದು ಕೇಳಿದರು. ಸರಿಯಾಗಿದೆ ಅಂದ. ದೀಪ ಹಾಕಿ ಸಹಿ ಮಾಡಿದ, ಸೀಲು ಒತ್ತಿದ. ಭಾವ ಎದ್ದವರು ಅವನ ಹೆಗಲನ್ನು ಒಮ್ಮೆ ಅಮುಕಿದರು. ಆ ಅಮುಕಿನಲ್ಲಿ ಎಲ್ಲ ಇತ್ತು: ನಿನಗೂ ಗೊತ್ತು, ನನಗೂ ಗೊತ್ತು, ಮಾತು ಬೇಡ. ಅವತ್ತಿನಿಂದ ಶಾಲೆ ನಡೆದದ್ದು ಇಪ್ಪತ್ನಾಲ್ಕು ದಿನ. ದಿನವೂ ಬೆಳಿಗ್ಗೆ ಎಂಟಕ್ಕೆ ಆ ಬಸ್ಸು ಅಂಗಡಿಯ ಮುಂದೆ ಹಾದುಹೋಗುವಾಗ ಅವನು ಶಟರು ಎತ್ತಲು ಬಗ್ಗಿರುತ್ತಿದ್ದ, ಬೇಕೆಂದೇ ಬಗ್ಗಿರುತ್ತಿದ್ದ.

"ಭಾವ" ಎಂದು ಅವನು ಕೂಗಿದ್ದು ತನಗೇ ಗೊತ್ತಾಗದೆ. ತಿರುವಿನಾಚೆ ರಸ್ತೆಯ ಅರ್ಧ ಕುಸಿದಿತ್ತು. ಕುಸಿದ ಬದಿಗೆ ಅಡ್ಡವಾಗಿ ರೇನ್‌ಕೋಟಿನವನೊಬ್ಬ ಕೆಂಪು ಬಾವುಟ ಹಿಡಿದು ನಿಂತಿದ್ದ, ರಸ್ತೆಯ ನಟ್ಟನಡುವೆ, ಯಾರಿಗೂ ಕಾಣದಿರಲು ಸಾಧ್ಯವಿಲ್ಲದ ಕಡೆ. ಭಾವ ಬ್ರೇಕು ತುಳಿದದ್ದು ಬಾವುಟ ನೋಡಿ ಅಲ್ಲ, ಇವನ ದನಿ ಕೇಳಿ. ವ್ಯಾನು ಜಾರಿ, ಸೊಟ್ಟಗಾಗಿ, ಬಾವುಟದವನಿಂದ ಒಂದು ಮಾರು ದೂರದಲ್ಲಿ ನಿಂತಿತು. ಸ್ಟೌ ಉರುಳಿ ಅಕ್ಕನ ಕಾಲಿಗೆ ಬಡಿಯಿತು. ಆತ ಬಂದು ಗಾಜು ತಟ್ಟಿದ.

"ಕಣ್ಣು ಕಾಣಲ್ವೇನ್ರೀ ನಿಮಗೆ?"

ಭಾವ ಗಾಜು ಇಳಿಸಿ, ಒಳಗೆ ನುಗ್ಗಿದ ಮಳೆಗೆ ಮುಖ ಒಡ್ಡಿ ನಕ್ಕರು. "ಕಾಣುತ್ತೆ ಅಂತ ಸರ್ಟಿಫಿಕೇಟೇ ಇದೆ ಕಣಪ್ಪಾ. ಕೊಟ್ಟವರು ಇಲ್ಲೇ ಕೂತಿದ್ದಾರೆ, ಬೇಕಿದ್ರೆ ಕೇಳು."

ಬಾವುಟದವನು ಇವನನ್ನು ನೋಡಿದ. ಇವನು ತಲೆಯಾಡಿಸಿದ. ಯಾಕೆ ಆಡಿಸಿದೆ ಎಂದು ಆಮೇಲೆ ಬಹಳ ಹೊತ್ತು ಯೋಚಿಸಿದ. ಆತ ಕೇಳಿಯೇ ಇರಲಿಲ್ಲ, ಸುಮ್ಮನೆ ನೋಡಿದ್ದನಷ್ಟೆ. ಮೂರು ಬೆರಳಿನಷ್ಟು ದಪ್ಪ ಮೀಸೆ, ಅದರ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಳೆಯಲ್ಲಿ ನಿಧಾನಕ್ಕೆ ಹೋಗಿ ಅಂದು ದಾರಿ ಬಿಟ್ಟ. ಭಾವ ಗೇರು ಹಾಕುತ್ತಾ, ಪಾಪ, ಇಡೀ ದಿನ ನೆನೆಯುತ್ತಾ ನಿಂತರೆ ಯಾರಿಗಾದರೂ ಸಿಟ್ಟು ಬರುತ್ತದೆ ಅಂದರು. ಸರ್ಟಿಫಿಕೇಟಿನ ಮಾತು ಹೇಳುವಾಗ ಅವರ ದನಿಯಲ್ಲಿ ಎಷ್ಟು ಧೈರ್ಯ. ನನ್ನನ್ನು ಹೀಗೆ ಎಲ್ಲರ ಮುಂದೆ ಸಾಕ್ಷಿಗೆ ನಿಲ್ಲಿಸುತ್ತಾರಲ್ಲ ಎಂದು ಅವನಿಗೆ ಮೊದಲ ಸಲ ಅವರ ಮೇಲೆ ಕೋಪ ಬಂತು. ಬಂದ ಕೂಡಲೆ ಆ ಕೋಪ ಎಷ್ಟು ಹಿತವಾಗಿದೆ ಅನ್ನಿಸಿ ನಾಚಿಕೆಯೂ ಆಯಿತು.

ಹನ್ನೆರಡು ವರ್ಷದವನಾಗಿದ್ದಾಗ ಅಕ್ಕನ ಮನೆ ಸೇರಿದವನು ಅವನು. ಅಪ್ಪ ಅಮ್ಮ ಇಬ್ಬರೂ ಒಂದೇ ವರ್ಷ ಹೋದರು. ಆಗ ಭಾವನಿಗೆ ಇಪ್ಪತ್ತೆಂಟು, ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಹೊಸ ಹೆಂಡತಿಯ ಜೊತೆ ಬಂದ ಈ ಕಡ್ಡಿಯಂಥ ಹುಡುಗನನ್ನು ನೋಡಿ ಅವರು, ಇವನನ್ನು ಡಿಕ್ಕಿಯಲ್ಲಿ ಇಟ್ಟರೂ ಜಾಗ ಉಳಿಯುತ್ತದೆ ಅಂದಿದ್ದರಂತೆ. ಪಟ್ಟಣದ ಬಸ್ಸಿನಲ್ಲಿ ತಮ್ಮ ಸೀಟಿನ ಹಿಂದೆಯೇ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದರು. ಅವರ ಕತ್ತಿನ ಹಿಂಭಾಗ, ಅಲ್ಲಿನ ಎರಡು ಮಡಿಕೆ, ಮಡಿಕೆಯೊಳಗೆ ಕೂತ ಬೆವರು. ಲೋಕದಲ್ಲಿ ಏನೂ ಆಗುವುದಿಲ್ಲ ಎಂಬ ನಂಬಿಕೆ ಅವನಿಗೆ ಹುಟ್ಟಿದ್ದು ಅದನ್ನು ನೋಡಿಯೇ. ಮುಂದೆ ಅವನಿಗೂ ಓಡಿಸಲು ಕಲಿಸಲು ಹೋಗಿ, ಮೂರನೆಯ ದಿನ ಅವನು ಗಾಡಿಯನ್ನು ಶಾಲೆಯ ಕಾಂಪೌಂಡಿಗೆ ಗುದ್ದಿದಾಗ, ಕೆಳಗಿಳಿದು ಗೋಡೆ ಸವರಿ, ಗೋಡೆಗೇನೂ ಆಗಿಲ್ಲ, ನೀನು ಕನ್ನಡಕವನ್ನೇ ಮಾಡು ಅಂದಿದ್ದರು. ಎಲ್ಲರೂ ನಕ್ಕರು, ಅವನೂ ನಕ್ಕ. ಅವತ್ತಿನಿಂದ ಇವತ್ತಿನವರೆಗೆ ಸ್ಟೇರಿಂಗು ಮುಟ್ಟಿಲ್ಲ. ಇಂಥವರಿಗೆ ಕತ್ತಲೆ ಕೋಣೆಯಲ್ಲಿ, ನೀವು ಓದಿದ್ದು ತಪ್ಪು ಎಂದು ಹೇಗೆ ಹೇಳುವುದು? ತಿದ್ದುವುದು ಯಾವಾಗಲೂ ಅವರು, ತಿದ್ದಿಸಿಕೊಳ್ಳುವುದು ಇವನು. ಹೀಗೆ ಯೋಚಿಸಿದಾಗ ತನ್ನ ಸುಮ್ಮನಿರುವಿಕೆ ಪ್ರೀತಿಯ ಹಾಗೆ, ಋಣದ ಹಾಗೆ ಕಾಣುತ್ತಿತ್ತು. ಕಾಣಲಿ ಎಂದೇ ಹೀಗೆ ಯೋಚಿಸುತ್ತಿದ್ದೇನೆ ಎಂಬುದೂ ಕಾಣುತ್ತಿತ್ತು.

ಟೆಂಟು ಹೊಡೆಯುವ ಜಾಗ ಸಿಕ್ಕಿದಾಗ ನಾಲ್ಕೂವರೆ. ಗಾಳಿಮರಗಳ ಮರೆಯಲ್ಲಿ ಮರಳು ತಟ್ಟಿದ ಬಯಲು, ಒಂದು ತಗಡಿನ ಶೆಡ್ಡು, ನಲ್ಲಿ. ಉದ್ದ ರೇನ್‌ಕೋಟು ತೊಟ್ಟವರೊಬ್ಬರು ಶೆಡ್ಡಿನಿಂದ ಇಳಿದು ಬಂದರು. ಭಾವ ಕಿಟಕಿಯಿಂದಲೇ, "ಏನಪ್ಪಾ, ಜಾಗ ಇದೆಯಾ?" ಅಂದರು.

"ಅಪ್ಪ ಅಲ್ಲ, ಅಮ್ಮ. ಜಾಗ ಬೇಕಾದಷ್ಟಿದೆ, ಬರೋ ಹುಚ್ಚರೇ ಇಲ್ಲ ಈ ಗಾಳೀಲಿ."

ಅಕ್ಕ ಬಿದ್ದು ಬಿದ್ದು ನಕ್ಕಳು. ಭಾವನೂ ನಕ್ಕು, ಮೂರಡಿ ದೂರದಲ್ಲಿ ನಿಂತಿದ್ದ ಆ ಕಾವಲಿನ ಹೆಂಗಸಿಗೆ ಕೈಮುಗಿದರು. ಇವನು ಮಾತ್ರ ನಗಲಾರದೆ ಇಳಿದು ಟೆಂಟಿನ ಗಂಟು ಬಿಚ್ಚಿದ. ಬಿಚ್ಚಿದ ಕೂಡಲೆ ಬಟ್ಟೆ ಗಾಳಿ ಕುಡಿದು, ಕೈಬಿಟ್ಟರೆ ಹಾರಿಹೋಗುವ ಪ್ರಾಣಿಯಾಯಿತು. ಒಂದು ಮೂಲೆಯನ್ನು ಅಕ್ಕ ಮೊಣಕಾಲಿನಲ್ಲಿ ಒತ್ತಿದಳು, ಇನ್ನೊಂದರ ಮೇಲೆ ಅವನೇ ಕೂತ. ಭಾವ ಗೂಟ ಹೊಡೆಯುತ್ತಿದ್ದರು. ಸುತ್ತಿಗೆ ಎರಡು ಸಲ ಗೂಟಕ್ಕೆ, ಮೂರನೆಯ ಸಲ ಮರಳಿಗೆ, ನಾಲ್ಕನೆಯ ಸಲ ಬೆರಳಿಗೆ. ಬೆರಳನ್ನು ಬಾಯಲ್ಲಿಟ್ಟುಕೊಂಡು, ವಯಸ್ಸಾದ ಸುತ್ತಿಗೆ, ದಿಕ್ಕು ತಪ್ಪುತ್ತದೆ ಅಂದರು. ಅಯ್ಯೋ ಕೊಡಿ ಇಲ್ಲಿ ಎಂದು ಅಕ್ಕ ಸುತ್ತಿಗೆ ಕಿತ್ತುಕೊಂಡಳು. ಎಷ್ಟು ಚೆನ್ನಾಗಿ ನಟಿಸುತ್ತಾರೆ ಎಂದು ಅವನಿಗೆ ಅನ್ನಿಸಿತು. ಸುತ್ತಿಗೆಯ ಮೇಲೆ, ಮಳೆಯ ಮೇಲೆ, ಗಾಜಿನ ಮೇಲೆ ಹಾಕಿ, ಅಕ್ಕನಿಗೆ ಒಂದಿಷ್ಟೂ ಸಂಶಯ ಬಾರದ ಹಾಗೆ. ಮೋಸ ಮಾಡುವವರು ಇಷ್ಟು ಹಗುರವಾಗಿ ನಗಬಲ್ಲರಾದರೆ, ಮೋಸಕ್ಕೆ ಸಹಿ ಹಾಕಿದವನು ಮಾತ್ರ ಯಾಕೆ ಹೀಗೆ ಒದ್ದೆ ಮರಳಿನ ಮೇಲೆ ಕೂತು ಒದ್ದಾಡಬೇಕು?

ಸಂಜೆ ಶೆಡ್ಡಿನ ನಲ್ಲಿಯಲ್ಲಿ ಅಕ್ಕ ಲೋಟ ತೊಳೆಯುತ್ತಿದ್ದಳು. ಅವನು ಒರೆಸಿ ಇಡುತ್ತಿದ್ದ. ತಗಡಿನ ಮೇಲೆ ಮಳೆ ಎಷ್ಟು ಜೋರಾಗಿತ್ತೆಂದರೆ ಮಾತಾಡಲು ತಲೆಗಳನ್ನು ಹತ್ತಿರ ತರಬೇಕಿತ್ತು. ಚಿಕ್ಕಂದಿನಲ್ಲಿ ಅವನಿಗೆ ಜಡೆ ಹಾಕುವಷ್ಟು ಕೂದಲಿತ್ತೆಂದೂ, ಕತ್ತರಿಸಲು ಬಿಡದೆ ಅಳುತ್ತಿದ್ದನೆಂದೂ ಯಾವುದೋ ಹಳೆಯ ಮಾತಿನಲ್ಲಿ ತೊಡಗಿದ್ದವಳು ಇದ್ದಕ್ಕಿದ್ದಂತೆ ನಿಂತು, ಒಂದು ಲೋಟವನ್ನು ಕೈಯಲ್ಲೇ ತಿರುಗಿಸುತ್ತಾ, "ಮಗು, ನಿನಗೆ ಹೇಳಿರಲಿಲ್ಲ. ಒಂದೆರಡು ತಿಂಗಳಿಂದ ಅವರು ಕತ್ತು ಸೊಟ್ಟ ಮಾಡ್ಕೊಂಡು ನೋಡ್ತಿದ್ರು. ನನಗೆ ಜೀವದಲ್ಲಿ ಜೀವ ಇರಲಿಲ್ಲ" ಅಂದಳು. ಅವನು ಒರೆಸಿದ ಲೋಟವನ್ನೇ ಮತ್ತೆ ಒರೆಸಿದ. "ನೀನು ನೋಡಿ ಸರಿ ಇದೆ ಅಂದ್ಯಲ್ಲ, ಅವತ್ತು ಕಣ್ತುಂಬ ನಿದ್ದೆ ಮಾಡಿದೆ. ಬೇರೆ ಯಾರೇ ಹೇಳಿದ್ರೂ ನಂಬ್ತಿರಲಿಲ್ಲ ನಾನು."

ಅಕ್ಕ ಮತ್ತೆ ಕೂದಲಿನ ಕಥೆಗೆ ಹೋದಳು. ಅವನ ಬಾಯಿ ಒಂದು ಕ್ಷಣ ತೆರೆದಿತ್ತು. ತೆರೆದ ಬಾಯಲ್ಲಿ, ಈ ಬಟ್ಟೆ ಒದ್ದೆಯಾಯಿತು, ಬೇರೆ ಕೊಡು ಎಂಬ ಮಾತು ಹೊರಟಿತು.

ಗಾಳಿ ಹೊತ್ತು ಮುಳುಗುವ ಮೊದಲೇ ಏರಿತು. ಎಲ್ಲರೂ ಬೇಗ ಟೆಂಟು ಸೇರಿದರು, ಅವರಿಬ್ಬರು ಒಂದರಲ್ಲಿ, ಇವನೊಬ್ಬನೇ ಇನ್ನೊಂದರಲ್ಲಿ. ಬಟ್ಟೆಯ ಗೋಡೆ ಒಳಕ್ಕೆ ಉಬ್ಬಿ ಅವನ ಮುಖವನ್ನು ಮುಟ್ಟಿ ಹೋಗುತ್ತಿತ್ತು. ಪಕ್ಕದ ಟೆಂಟಿನಿಂದ ಭಾವ, "ಡಾಕ್ಟ್ರೇ, ಹಾರ್ಕೊಂಡು ಹೋಗೋದಾದ್ರೆ ಒಂದು ಮಾತು ಹೇಳಿ ಹೋಗಿ" ಎಂದು ಕೂಗಿದರು. ಆಗಲಿ ಎಂದು ಕೂಗಿದ. ಬಸ್ಸಿನಲ್ಲಿ ಐವತ್ತೆರಡು ಮಕ್ಕಳು. ಹಳೆಯ ಸೇತುವೆ, ಅದರ ಕೊನೆಯಲ್ಲಿ ಕಿರಿದಾಗುವ ರಸ್ತೆ, ಅಲ್ಲಿ ಸೈಕಲ್ಲಿನವರು. ಇಷ್ಟು ದಿನ ಅವನು ತನ್ನಷ್ಟಕ್ಕೆ ಹೇಳಿಕೊಂಡದ್ದು ಅದೇ ಬೀದಿಗಳು, ಕಣ್ಣು ಕಟ್ಟಿದರೂ ಓಡಿಸುತ್ತಾರೆ ಎಂದು. ಕಣ್ಣು ಕಟ್ಟಿದರೂ. ಎಷ್ಟು ಸುಲಭವಾಗಿ ನಾಲಗೆಗೆ ಬರುವ ಮಾತು. ಬಾವುಟದವನ ಮೀಸೆ ಮತ್ತೆ ಮತ್ತೆ ಎದುರಿಗೆ ಬಂತು. ಆತ ಎತ್ತರದವನು. ಬಸ್ಸಿನ ಮುಂದೆ ಅಡ್ಡ ಬರುವುದು ಅಷ್ಟು ಎತ್ತರದವರೇ ಆಗಿರಬೇಕೆಂದಿಲ್ಲವಲ್ಲ. ಬೆಳಿಗ್ಗೆ ಭಾವನನ್ನು ಒಬ್ಬರನ್ನೇ ಹಿಡಿದು ಹೇಳಬೇಕು. ಅಕ್ಕನಿಗೆ ತಿಳಿಯುವುದು ಬೇಡ, ನೀವೇ ಕೆಲಸ ಸಾಕು ಅಂದುಬಿಡಿ, ವಯಸ್ಸಾಯಿತು ಅನ್ನಿ, ನಮ್ಮಿಬ್ಬರ ನಡುವಿನದು ನಮ್ಮಲ್ಲೇ ಇರಲಿ. ಈ ಮಾತುಗಳನ್ನು ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿದ. ಜೋಡಿಸಿದಾಗಲೆಲ್ಲ ತಾನು ಕ್ಷಮಿಸುವವನ ಜಾಗದಲ್ಲಿ ನಿಂತಿರುತ್ತಿದ್ದ, ಭಾವ ಕ್ಷಮೆ ಪಡೆಯುವವರ ಜಾಗದಲ್ಲಿ.

ಬೆಳಗಾದಾಗ ಮಳೆ ನಿಂತಿತ್ತು. ಅಲೆಗಳು ಇನ್ನೂ ಮಣ್ಣಿನ ಬಣ್ಣದಲ್ಲೇ ಏಳುತ್ತಿದ್ದವು, ಆದರೆ ಆಕಾಶ ತೊಳೆದ ಹಾಗಿತ್ತು. ತೀರಾ ದೂರದ ಗುಡ್ಡದ ಮೇಲಿನ ಒಂದೊಂದು ಮರವೂ ಬಿಡಿಬಿಡಿಯಾಗಿತ್ತು. ಭಾವ ನೀರಿನಂಚಿನಲ್ಲಿ ಪ್ಯಾಂಟು ಮಡಿಸಿ ನಿಂತಿದ್ದರು. ಇವನ ಹೆಜ್ಜೆ ಕೇಳಿ, ತಿರುಗದೆಯೇ, ಇವತ್ತು ಗುಡ್ಡದ ರಸ್ತೆ ಹಿಡಿದುಬಿಡೋಣ, ಕಲ್ಲು ಉರುಳಿವೆಯಂತೆ, ನೋಡಿಕೊಂಡು ಹೋದರೆ ಆಯಿತು ಅಂದರು. ಆಮೇಲೆ ಹುಬ್ಬಿಗೆ ಕೈ ಅಡ್ಡ ಹಿಡಿದು ಆ ಕಡೆ ನೋಡುತ್ತಾ, ಇನ್ನೂ ಮಂಜು ಬಿಟ್ಟಿಲ್ಲ ನೋಡು ಅಂದರು.

ಮಂಜಿರಲಿಲ್ಲ. ಅವನು ಹೇಳಿದ.

"ಭಾವ, ಗುಡ್ಡದ ರಸ್ತೆ ಬೇಡ. ನೀವು ಇನ್ನು ಓಡಿಸೋದೇ ಬೇಡ. ಸೋಮವಾರ ಬಸ್ಸೂ ಬೇಡ. ಇಷ್ಟು ದಿನ ಇಬ್ಬರೂ ಸುಮ್ಮನಿದ್ವಿ, ಸಾಕು."

"ಇಬ್ಬರೂ ಅಂದ್ರೆ?"

"ಅವತ್ತು ನೀವು ಓದಿದ್ದು ಹಳೇ ಫಲಕ."

ಭಾವ ತಿರುಗಿದರು. ಅವರ ಮುಖದಲ್ಲಿ ನಗೆಯ ಒಂದು ಚೂರು ಉಳಿದಿತ್ತು, ಇದೂ ಒಂದು ತಮಾಷೆ ಇರಬಹುದೇ ಎಂದು ಕಾಯುವ ಹಾಗೆ. ಗೋಡೆಯ ಮೇಲೆ ಇದ್ದದ್ದನ್ನು ಓದಿದೆ ಅಂದರು. ಗೋಡೆಯ ಮೇಲೆ ಇದ್ದದ್ದು ಹೊಸದು, ಹಳೆಯದನ್ನು ಅದರ ಹಿಂದಿನ ವಾರವೇ ಅಟ್ಟಕ್ಕೆ ಹಾಕಿದ್ದೆ, ನೀವು ಕೆಳಗಿನ ಎರಡು ಸಾಲನ್ನು ಬಾಯಿಪಾಠ ಒಪ್ಪಿಸಿದಿರಿ ಎಂದು ಅವನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

"ನನಗೆ ಕಂಡಿತ್ತಲ್ಲೋ," ಅಂದರು ಭಾವ. "ಒಂದೊಂದು ಅಂಕೀನೂ ಕಂಡಿತ್ತು."

ಕಾಣದಿದ್ದರೂ ಕಾಣುತ್ತದೆ ಅನ್ನುವವರ ಮುಖಗಳನ್ನು ನೋಡುತ್ತಲೇ ಅವನ ಅರ್ಧ ಆಯುಷ್ಯ ಕಳೆದಿತ್ತು. ಆ ಮುಖಗಳಲ್ಲಿ ಬಾಯಿಯ ಪಕ್ಕ ಒಂದು ಸಣ್ಣ ಬಿಗಿ ಇರುತ್ತದೆ. ಅದಕ್ಕಾಗಿ ಹುಡುಕಿದ. ಭಾವನ ಬಾಯಿ ಸಡಿಲವಾಗಿ, ಸ್ವಲ್ಪ ತೆರೆದುಕೊಂಡು ಇತ್ತು. ಹನ್ನೊಂದು ವರ್ಷ ದಿನವೂ ನೋಡಿದ ಅಂಕಿಗಳು ಕತ್ತಲೆಯಲ್ಲಿ, ಇರಬೇಕಾದ ಜಾಗದಲ್ಲಿ ತಾವೇ ಬಂದು ನಿಂತಿದ್ದವು. ಅವರು ಅವನ್ನು ಕಂಡಿದ್ದರು. ಹೆಗಲು ಅಮುಕಿದ್ದು ಬರೀ ಹೆಗಲು ಅಮುಕಿದ್ದು. ಬಾವುಟದವನಿಗೆ ಹೇಳಿದ್ದು ಬರೀ ಹೇಳಿದ್ದು. ಕಿರಿದಾದ ಕಣ್ಣು, ಕಾಣದೆ ಕಿರಿದಾದ ಕಣ್ಣು. ಗುಟ್ಟಿನಲ್ಲಿ ಎರಡನೆಯವರು ಇರಲೇ ಇಲ್ಲ.

"ಹಾಗಾದ್ರೆ ಇದು ಗಾಜಲ್ಲ," ಭಾವ ನಿಧಾನವಾಗಿ ಅಂದರು. "ನಾನು ಗಾಜು ಅಂದ್ಕೊಂಡಿದ್ದೆ. ಬಸ್ಸಿನ ಗಾಜನ್ನ ಎರಡು ಸಲ ಬದಲಾಯಿಸಿ ಅಂತ ಬರೆದುಕೊಟ್ಟಿದ್ದೀನಿ. ಕಣ್ಣು ಸರಿ ಇದೆ ಅಂತ ನೀನು ಹೇಳಿದ ಮೇಲೆ ಇನ್ನೇನಿರುತ್ತೆ, ಗಾಜೇ ತಾನೇ?"

ಅಲೆ ಬಂದು ಅವರ ಪಾದ ಮುಳುಗಿಸಿ ಹೋಯಿತು.

"ನಿನಗೆ ಅವತ್ತೇ ಗೊತ್ತಾಯ್ತಾ?"

"ಹೂಂ."

"ಮತ್ತೆ?"

ರಾತ್ರಿ ಜೋಡಿಸಿದ ಮಾತುಗಳಲ್ಲಿ ಒಂದೂ ಇಲ್ಲಿಗೆ ಹೊಂದಲಿಲ್ಲ. ಅವೆಲ್ಲ ಬೇರೆ ಒಬ್ಬ ಭಾವನಿಗೆಂದು ಹೊಲಿದವು. "ನೀವು ಬೇಕಂತಲೇ ಹಾಗೆ ಓದಿದ್ರಿ ಅಂದ್ಕೊಂಡೆ" ಅಂದ.

ಭಾವ ತಲೆಯಾಡಿಸಿದರು, ದಾರಿ ಕೇಳಿ ತಿಳಿದುಕೊಂಡವರು ಆಡಿಸುವ ಹಾಗೆ. "ಅಂದ್ರೆ, ನಾನು ನಿನ್ನ ಅಂಗಡಿಗೆ ಬಂದು ನಿನಗೇ ಸುಳ್ಳು ಹೇಳ್ತೀನಿ ಅಂತ." ಅದು ಪ್ರಶ್ನೆಯಾಗಿರಲಿಲ್ಲ. ಜೇಬಿನಿಂದ ಫೋನು ತೆಗೆದು, ಹತ್ತಿರ ಹಿಡಿದು, ದೂರ ಹಿಡಿದು, ಅವನ ಕೈಗೆ ಕೊಟ್ಟು, ಶಾಲೆಯ ಮ್ಯಾನೇಜರಿಗೆ ಹಚ್ಚಿ ಕೊಡು ಅಂದರು.

ಅವನು ಹಚ್ಚಿ ಕೊಟ್ಟ. ಭಾವ ನೆಟ್ಟಗೆ ನಿಂತು ಮಾತಾಡಿದರು, ಮೇಲಿನವರ ಎದುರು ನಿಂತಂತೆ. ಸೋಮವಾರದಿಂದ ಬೇರೆ ಡ್ರೈವರನ್ನು ನೋಡಿಕೊಳ್ಳಿ, ನನ್ನ ಕಣ್ಣು ಹೋಗಿದೆ. ಆ ಕಡೆಯಿಂದ ಉದ್ದದ ಪ್ರಶ್ನೆ ಬಂತು. ಅದರಲ್ಲಿ ಪತ್ರ ಎಂಬ ಮಾತು ಇವನಿಗೂ ಕೇಳಿಸಿತು. ಭಾವ ಸಮುದ್ರದ ಕಡೆ ತಿರುಗಿದರು.

"ಅಂಗಡಿಯವರದ್ದು ತಪ್ಪಿಲ್ಲ ಸಾರ್. ನಾನೇ ಅಂಕಿಗಳನ್ನ ಬಾಯಿಪಾಠ ಮಾಡ್ಕೊಂಡು ಹೋಗಿ ಒಪ್ಪಿಸಿದೆ. ಅವರಿಗೆ ಗೊತ್ತಾಗ್ಲಿಲ್ಲ."

ಬಾಮೈದ ಅನ್ನಲಿಲ್ಲ, ಅಂಗಡಿಯವರು ಅಂದರು. ಬೆನ್ನ ಹಿಂದೆ ಚಹಾದ ಲೋಟಗಳೊಡನೆ ಅಕ್ಕ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕೊನೆಯ ಮಾತಂತೂ ಕೇಳಿದ್ದಳು. ಲೋಟಗಳನ್ನು ಮರಳಿನ ಮೇಲಿಟ್ಟಳು. ಒಂದು ವಾಲಿ ಚೆಲ್ಲಿತು.

"ಮೋಸ ಮಾಡಿದ್ರಾ?" ಅಂದಳು ಗಂಡನಿಗೆ. "ಇವನಿಗೆ? ದಿನಾ ನಾನೂ ಅದೇ ಬಸ್ಸಲ್ಲಿ ಇರ್ತಿದ್ದೆ. ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

ಭಾವ ಫೋನನ್ನು ಜೇಬಿಗೆ ಹಾಕಿಕೊಂಡರು. ಇವನ ಕಡೆ ನೋಡಲಿಲ್ಲ; ನೋಡಿದ್ದರೂ ಏನು ಕಾಣುತ್ತಿತ್ತೋ. ಅಕ್ಕ ಅಳಲು ಶುರುಮಾಡಿದ್ದಳು, ಸಿಟ್ಟಿನಲ್ಲಿ ಅಳುವ ಅಳು. ಅವಳ ಕೈ ತಮ್ಮನ ತೋಳನ್ನು ಹಿಡಿದಿತ್ತು, ಅನ್ಯಾಯವಾದವನನ್ನು ಹಿಡಿದುಕೊಳ್ಳುವ ಹಾಗೆ. ಆ ಕೈ ಬೆಚ್ಚಗಿತ್ತು. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ಅವನಿಗೆ ಬರುವ ಕೆಲಸ. ಒಂದು ತಿಂಗಳು ಅವನು ಮನಸ್ಸಿನೊಳಗೆ ಭಾವನ ಬಗ್ಗೆ ನಂಬಿಕೊಂಡಿದ್ದ ಸುಳ್ಳನ್ನು ಈಗ ಭಾವನೇ ಎತ್ತಿ ತಲೆಯ ಮೇಲೆ ಇಟ್ಟುಕೊಂಡಿದ್ದರು. ಇನ್ನು ಅದು ಲೋಕದ ನಿಜವಾಗುತ್ತದೆ. ಶಾಲೆಯಲ್ಲಿ, ಬೀದಿಯಲ್ಲಿ, ಮನೆಯಲ್ಲಿ. ಅಂಗಡಿಯ ಬಾಗಿಲು ಎಂದಿನ ಹಾಗೆ ಎಂಟಕ್ಕೆ ತೆರೆಯುತ್ತದೆ. ಎಲ್ಲ ಅಚ್ಚುಕಟ್ಟಾಗಿತ್ತು. ಅಕ್ಕನ ಹೆಬ್ಬೆರಳು ಅವನ ತೋಳನ್ನು ಸವರುತ್ತಿತ್ತು, ಸವರುತ್ತಲೇ ಇತ್ತು.

"ಅಕ್ಕಾ, ಭಾವ ಮೋಸ ಮಾಡಿಲ್ಲ" ಅಂದ. "ಅವರಿಗೆ ಗೊತ್ತೇ ಇರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೇ ಸಹಿ ಹಾಕಿದೆ."

ಹೆಬ್ಬೆರಳು ನಿಂತಿತು. ಅಕ್ಕ ಕೈ ತೆಗೆಯಲಿಲ್ಲ, ಮರೆತಳೆಂದು ಕಾಣುತ್ತದೆ. ಅವಳ ದನಿ ಬಂತು, ತೀರಾ ಸಣ್ಣಗೆ, ಯಾವುದೋ ಮನೆಗೆಲಸದ ವಿಷಯ ತಿಳಿಸುವ ಹಾಗೆ.

"ತೀರಾ ಚಿಕ್ಕವರನ್ನ ನಾನು ಮುಂದಿನ ಸೀಟಲ್ಲಿ ಕೂರಿಸ್ತೀನಿ. ಹಿಂದೆ ಕೂತ್ರೆ ವಾಂತಿ ಮಾಡ್ಕೊತಾರೆ ಅಂತ."

ಆಮೇಲೆ ಕೈ ತೆಗೆದು, ಗಂಡನ ಮೊಣಕೈ ಹಿಡಿದುಕೊಂಡಳು. ಭಾವ ಬಿಡಿಸಿಕೊಳ್ಳಲಿಲ್ಲ. ಇಬ್ಬರೂ ಮರಳಿನ ಏರನ್ನು ಹತ್ತಿ ಹೋದರು.

ಕಾವಲಿನ ಹೆಂಗಸು ಹತ್ತಿರದ ಊರಿನ ಗ್ಯಾರೇಜಿಗೆ ಹೇಳಿ ಕಳಿಸಿದಳು. ಓಡಿಸಲು ಒಬ್ಬರು ಬರುತ್ತಾರೆ, ನಡೆದು ಬರಬೇಕು, ಒಂದು ಗಂಟೆಯಾಗಬಹುದು. ಅವನು ಎರಡೂ ಟೆಂಟುಗಳನ್ನು ಒಬ್ಬನೇ ಕಿತ್ತ. ಒದ್ದೆ ಬಟ್ಟೆ ಒಣಗಿದಾಗಿನ ಎರಡರಷ್ಟು ಭಾರವಿತ್ತು. ಮಡಿಸಲು ಒಬ್ಬನಿಂದ ಆಗುವುದಿಲ್ಲ. ಸುತ್ತಿ, ಮುದ್ದೆ ಮಾಡಿ ತಂದಾಗ ವ್ಯಾನಿನ ಹಿಂದಿನ ಸೀಟಿನಲ್ಲಿ ಅವರಿಬ್ಬರೂ ಕೂತಿದ್ದರು. ಭಾವ ಅಲ್ಲಿ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಮೊಣಕಾಲುಗಳ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡಿದ್ದರು. ಅವನು ಟೆಂಟುಗಳನ್ನು ಮುಂದಿನ ಪಕ್ಕದ ಸೀಟಿಗೆ ತುರುಕಿದ. ಉಳಿದದ್ದು ಒಂದೇ ಜಾಗ. ಹೊರಗೇ ನಿಂತ. ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು. ಭಾವ, ಎಷ್ಟು ಹೊತ್ತು ನಿಲ್ಲುತ್ತೀಯಾ, ಒಳಗೆ ಕೂತುಕೋ ಅಂದರು. ಡಾಕ್ಟ್ರೇ ಅನ್ನಲಿಲ್ಲ.

ಅವನು ಸ್ಟೇರಿಂಗಿನ ಹಿಂದೆ ಕೂತ. ಅದನ್ನು ಮುಟ್ಟದೆ ಕೈಕಟ್ಟಿಕೊಂಡ. ಎದುರು ಗಾಜಿನಲ್ಲಿ ಇಡೀ ರಸ್ತೆ ಇತ್ತು, ಗುಡ್ಡದ ತಿರುವಿನವರೆಗೆ, ಉರುಳಿದ ಕಲ್ಲುಗಳು, ಕಲ್ಲುಗಳ ನೆರಳು, ಒಂದು ಕಲ್ಲಿನ ಮೇಲೆ ಕೂತು ರೆಕ್ಕೆ ಕೊಡವುತ್ತಿದ್ದ ಹಕ್ಕಿ. ತಿರುವಿನಲ್ಲಿ ಒಂದು ಚುಕ್ಕೆ ಮೂಡಿ, ಕಾಲು ಮೂಡಿ, ಮನುಷ್ಯನಾಯಿತು.

"ಯಾರಾದ್ರೂ ಬರ್ತಿದ್ದಾರಾ?" ಹಿಂದಿನಿಂದ ಭಾವ ಕೇಳಿದರು.

"ಬರ್ತಿದ್ದಾರೆ."

"ಹತ್ತಿರಾನಾ?"

"ಇನ್ನೂ ದೂರ ಇದ್ದಾರೆ."

"ಅಷ್ಟು ದೂರದ್ದು ನಿನಗೆ ಚೆನ್ನಾಗಿ ಕಾಣುತ್ತಾ?"

"ಕಾಣುತ್ತೆ," ಅಂದ.